ಹೆಜ್ಜೆಯ ಸಾಕ್ಷ್ಯ

ತುಂಗಭದ್ರೆಯ ತೀರದ ಮೈಲಾರಕ್ಕೆ ಭಾರತ ಹುಣ್ಣಿಮೆಯ ಜಾತ್ರೆಯ ಕಾಲದಲ್ಲಿ ಹೋದವರು ಗೊರವರನ್ನು ಕಾಣದೆ ಹಿಂದಿರುಗುವಂತಿಲ್ಲ. ಕರಿಯ ಕಂಬಳಿ, ಕೈಯಲ್ಲಿ ಡಮರುಗ, ತಲೆಯ ಮೇಲೆ ಕರಡಿಯ ಕೂದಲಿನ ಟೊಪ್ಪಿಗೆ, ಇವು ಮೈಲಾರಲಿಂಗನ ಆ ಭಕ್ತರ ಲಕ್ಷಣಗಳು. ಮಬ್ಬುಗತ್ತಲೆಯಲ್ಲಿ ದೂರದಿಂದ ಬರುವ ಗೊರವನನ್ನು ಕಂಡು, ಅವನು ಮನುಷ್ಯನೋ ಮೃಗವೋ ಎಂದು ಅಪರಿಚಿತನು ಕ್ಷಣಕಾಲ ಶಂಕಿಸಿದರೆ ಆಶ್ಚರ್ಯವಿಲ್ಲ. ಸಮೀಪಕ್ಕೆ ಬಂದೊಡನೆ ಆ ಶಂಕೆಯು ಪರಿಹಾರವಾಗುವುದು. ಆದರೆ ಮನುಷ್ಯನಿಗೂ ಕರಡಿಗೂ ನಡುವಣ ಇಂತಹುದೇ ಮತ್ತೊಂದು ಶಂಕೆಯು ಹಿಮಾಲಯದಲ್ಲಿಯೂ ಅಮೆರಿಕ ಖಂಡದ ಅರಣ್ಯಗಳಲ್ಲಿಯೂ ಬಹುಕಾಲ ಉಳಿದು, ಎಷ್ಟೋ ಮಂದಿಯನ್ನು ಮನೆಯಿಂದ ಎಬ್ಬಿಸಿ ಕಾಡಿಗೆ ಕರೆದೊಯ್ದ ವೃತ್ತಾಂತವು ವಿಚಾರಾರ್ಹವಾದುದು.

೧೯೨೧ರಲ್ಲಿ ಕರ್ನಲ್ ಹೋವರ್ಡ್-ಬರಿಯ ನಾಯಕತ್ವದಲ್ಲಿ ಹೊರಟ ಎವರೆಸ್ಟ್ ಪರಿಶೋಧಕರು ಹಿಮದ ಮೇಲೆ ದೊಡ್ಡ ಹೆಜ್ಜೆಗಳನ್ನು ಕಂಡರು. ಅವು ತೋಳನವಾಗಿರಬೇಕೆಂದು ನಾಯಕನು ಊಹಿಸಿದನು; ಹೊರೆಯಾಳುಗಳು ಕಾಡುಮನುಷ್ಯನವೆಂದರು. ಕಲ್ಕತ್ತೆಯ ಪತ್ರಿಕಾಕರ್ತನೊಬ್ಬನು ಅವರ ಮಾತನ್ನು ತಪ್ಪಾಗಿ ಭಾಷಾಂತರಿಸಲು, ಜುಗುಪ್ಸೆ ಹುಟ್ಟಿಸುವ ಹಿಮಮಾನವನೊಬ್ಬನು ಲೋಕಪ್ರಸಿದ್ಧನಾದನು. ೧೯೫೧ರಲ್ಲಿ ಎರಿಕ್ ಶಿಪ್ಟನ್ ಎಂಬ ಪರ್ವತಾರೋಹಿಯು ಮೆನ್ಲುಂಗ್ ಹಿಮನದಿಯಲ್ಲಿ ತೆಗೆದ ಹೆಜ್ಜೆಯ ಛಾಯಾಚಿತ್ರವು ಆ ಪ್ರಸಿದ್ಧಿಯನ್ನು ಇಮ್ಮಡಿಸಿತು. ಇತ್ತ ಕೆನಡಾ ದೇಶದಲ್ಲಿ ಜೆ. ಡಬ್ಲ್ಯು. ಬರ್ನ್ಸ್ ಎಂಬ ಉಪಾಧ್ಯಾಯನು ಅಲ್ಲಿಯ ಮೂಲನಿವಾಸಿಗಳ ಕಥೆಗಳನ್ನು ಸಂಗ್ರಹಿಸಿ, ೧೯೨೦ರ ದಶಕದಲ್ಲಿ ‘ಸಾಸ್ಕ್ವಾಚ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ೧೯೫೮ರಲ್ಲಿ ಕ್ಯಾಲಿಫೋರ್ನಿಯದ ಉತ್ತರದಲ್ಲಿ ರಸ್ತೆ ಕಡಿಯುವವರಿಗೆ ಭಾರಿ ಹೆಜ್ಜೆಗಳು ಕಾಣಿಸಿದುವು. ಆ ಪ್ರಾಣಿಗೆ ‘ಬಿಗ್‌ಫುಟ್’ ಎಂಬ ಹೆಸರಾಯಿತು. ಅಲ್ಲಿಯ ಗುತ್ತಿಗೆದಾರ ರೇ ವಾಲೇಸನು ೨೦೦೨ರಲ್ಲಿ ತೀರಿಕೊಂಡ ಬಳಿಕ, ಅವನ ಮನೆಯವರು ಮರದಲ್ಲಿ ಕೊರೆದ ಪಾದಗಳನ್ನು ಹೊರತಂದು ತೋರಿಸಿದರು.

ಹೀಗೆ ಅರಸಹೊರಟವರಲ್ಲಿ ಅನೇಕರು ಕಾಡಿನಲ್ಲಿ ಬೆಳೆದವರಲ್ಲ. ಸ್ವಿಟ್ಜರ್ಲೆಂಡಿನ ರೆನೆ ದಾಹಿಂದನ್ ೧೯೫೩ರಲ್ಲಿ ಕೆನಡಾಕ್ಕೆ ವಲಸೆ ಬಂದವನು. ಹೊಸ ದೇಶದ ಬೆಟ್ಟ, ನದಿ, ಹಿಮಗಳನ್ನು ಪ್ರಾಯಕ್ಕೆ ಬಂದಮೇಲೆ ಪರಿಚಯ ಮಾಡಿಕೊಂಡು, ಹೆಜ್ಜೆಗಳನ್ನು ಅಳೆದು, ಅಚ್ಚು ತೆಗೆದು, ಸಾಕ್ಷಿಗಳನ್ನು ಪ್ರಶ್ನಿಸುತ್ತ ೨೦೦೧ರಲ್ಲಿ ಮಡಿಯುವವರೆಗೂ ಅರಸಿದನು. ಆ ಪ್ರಾಣಿಯನ್ನು ಮಾತ್ರ ಅವನು ಒಮ್ಮೆಯೂ ಕಾಣಲಿಲ್ಲ. ಕುರಿಗಾಹಿಯ ಮಗನು ತಂದೆಯ ಬೆನ್ನಹಿಂದೆ ನಡೆದು ಆಡುತ್ತಾಡುತ್ತ ಕಲಿಯುವುದನ್ನು ಪ್ರೌಢನು ಶಾಸ್ತ್ರದಂತೆ ಅಭ್ಯಾಸಮಾಡಬೇಕಾಗುವುದು. ಅದಕ್ಕಿಂತಲೂ ಕಷ್ಟವಾದುದು ಒಂದುಂಟು. ಬಾಲಕನು ಕಂಡುದಕ್ಕೆ ಹೆಸರನ್ನು ಕೇಳುವನು. ಪ್ರೌಢನು ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಲು ಹೋಗುವನು.

ಇಲ್ಲಿ ನಮ್ಮ ನೈಯಾಯಿಕರ ಮಾತು ಸ್ಮರಣೀಯವಾಗಿದೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಬಹುದು, ಏಕೆಂದರೆ ಬೆಂಕಿಯಿಲ್ಲದೆಡೆಯಲ್ಲಿ ಹೊಗೆಯಿರದು. ಆದರೆ ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಕಾಣಿಸಿಕೊಳ್ಳುವ ಹೇತುವು ‘ಸವ್ಯಭಿಚಾರ’ವೆಂಬ ಹೇತ್ವಾಭಾಸವಾಗುವುದು. ಹಿಮದ ಮೇಲಣ ಹೆಜ್ಜೆಯು ಇಂತಹುದು. ಕರಡಿಯು ಮನುಷ್ಯನಂತೆ ಅಂಗಾಲನ್ನು ಪೂರ್ಣವಾಗಿ ಊರಿ ನಡೆಯುವ ಮೃಗ. ಅದರ ಹಿಂಗಾಲು ಮುಂಗಾಲಿನ ಗುರುತಿನ ಮೇಲೆ ಅರ್ಧ ಬಿದ್ದರೆ ಎರಡೂ ಸೇರಿ ಒಂದು ನೀಳವಾದ ಪಾದವಾಗಿ ತೋರುವುದು. ಬಿಸಿಲಿಗೆ ಹಿಮವು ಕರಗಿದರೆ ಆ ಪಾದವು ಇನ್ನೂ ಹಿಗ್ಗುವುದು. ಪಳಗಿದ ಕಣ್ಣು ಬೆರಳುಗಳನ್ನು ನೋಡುವುದು: ಮನುಷ್ಯನ ಪಾದದಲ್ಲಿ ಹಿರಿಯ ಬೆರಳು ಒಳಬದಿಗಿರುವುದು, ಕರಡಿಯದರಲ್ಲಿ ಸಾಮಾನ್ಯವಾಗಿ ಹೊರಬದಿಗೆ.

ಡೇನಿಯಲ್ ಟೇಲರ್ ಎಂಬಾತನು ಭಾರತದ ಹಿಮಾಲಯ ಪ್ರಾಂತದಲ್ಲಿ ಬೆಳೆದು, ಬಾಲ್ಯದಿಂದಲೇ ಹಿಮಮಾನವನ ಕನಸು ಕಂಡವನು. ೧೯೮೩ರಲ್ಲಿ ನೇಪಾಳದ ಬರುಣ ಕಣಿವೆಯಲ್ಲಿ ಅವನಿಗೆ ಬಯಸಿದ ಹೆಜ್ಜೆಗಳೇ ದೊರೆತವು. ಆದರೂ ಊರವರ ಮಾತನ್ನು ಕೇಳಿ, ಕರಡಿಯ ಪಾದಗಳೊಡನೆ ಹೋಲಿಸಿ, ಅವು ಕರಡಿಯವೇ ಎಂದು ಒಪ್ಪಿಕೊಂಡನು. ಮುಂದೆ ಆ ಕಣಿವೆಯು ಮಕಾಲು-ಬರುಣ ರಾಷ್ಟ್ರೀಯ ಉದ್ಯಾನವಾಗಲು ಅವನೂ ದುಡಿದನು. ೨೦೧೭ರಲ್ಲಿ ಹಿಮಮಾನವನವೆಂದು ಕಾಪಾಡಿದ್ದ ಒಂಬತ್ತು ಅವಶೇಷಗಳ ವಂಶದ್ರವ್ಯವನ್ನು ವಿಜ್ಞಾನಿಗಳು ಪರೀಕ್ಷಿಸಲು, ಎಂಟು ಕರಡಿಯವಾಗಿಯೂ ಒಂದು ನಾಯಿಯದಾಗಿಯೂ ತಿಳಿದುಬಂದಿತು.

ಇದು ದೂರದೇಶದವರ ಹವ್ಯಾಸವೆಂದು ಕನ್ನಡಿಗರು ನಗುವಂತಿಲ್ಲ. ನಮ್ಮ ದೇಶದಲ್ಲಿಯೂ ದಶಕಗಳ ಕಾಲ ಹುಲಿಗಳನ್ನು ಹೆಜ್ಜೆಗುರುತಿನಿಂದಲೇ ಎಣಿಸುತ್ತಿದ್ದರು. ಡಾ. ಶಿವರಾಮ ಕಾರಂತರ ಪುತ್ರರಾದ ಕೆ. ಉಲ್ಲಾಸ ಕಾರಂತರು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಕೃಷಿಯನ್ನೂ ಮಾಡಿ, ಅನಂತರ ವನ್ಯಜೀವಿಶಾಸ್ತ್ರದ ಕಡೆಗೆ ತಿರುಗಿದವರು. ನಲವತ್ತರ ಪ್ರಾಯದಲ್ಲಿ, ೧೯೮೮ರಲ್ಲಿ, ಫ್ಲಾರಿಡಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿಯನ್ನು ಪಡೆದರು. ಒಂದೇ ಹುಲಿಯ ಹೆಜ್ಜೆಯು ಮಣ್ಣಿಗೆ ತಕ್ಕಂತೆ ಬೇರೆಬೇರೆಯಾಗಿ ಮೂಡುವುದರಿಂದ ಅದರಿಂದ ಎಣಿಕೆ ಸಲ್ಲದೆಂದು ಅವರು ವಾದಿಸಿದರು. ೧೯೯೦ರ ದಶಕದಲ್ಲಿ ನಾಗರಹೊಳೆಯ ಹಾದಿಗಳಲ್ಲಿ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇರಿಸಿ, ಮೈಯ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಪ್ರತ್ಯೇಕವಾಗಿ ಗುರುತಿಸಿದರು. ಅವರ ಮಾತನ್ನು ಆಗಲೇ ಕೇಳಿದ್ದರೆ ಎಷ್ಟು ಲೇಸಾಗುತ್ತಿದ್ದಿತೋ! ರಾಜಸ್ಥಾನದ ಸರಿಸ್ಕದಲ್ಲಿ ಲೆಕ್ಕದ ಪುಸ್ತಕದಲ್ಲಿ ಹುಲಿಗಳಿದ್ದುವು. ೨೦೦೫ರಲ್ಲಿ ಹುಡುಕಿದಾಗ ಕಾಡಿನಲ್ಲಿ ಒಂದೂ ಉಳಿದಿರಲಿಲ್ಲ. ಅಮೆರಿಕದವರು ಇಲ್ಲದ ಮನುಷ್ಯನನ್ನು ಹೆಜ್ಜೆಯಲ್ಲಿ ಕಂಡರು. ನಾವು ಸತ್ತುಹೋದ ಹುಲಿಯನ್ನು ಹೆಜ್ಜೆಯಲ್ಲಿ ಬದುಕಿಸಿಕೊಂಡಿದ್ದೆವು. ಮೊದಲನೆಯ ಭ್ರಮೆಯಿಂದ ಕೆಲವರ ಆಯುಷ್ಯ ಕಳೆಯಿತು. ಎರಡನೆಯದರಿಂದ ಒಂದು ಕಾಡೇ ಬರಿದಾಯಿತು.

ಮೈಲಾರದ ನಾಡಿಗೆ ಹುಲಿಯಿಲ್ಲ, ಕರಡಿಯುಂಟು. ಹಂಪೆಯ ಸಮೀಪದ ದರೋಜಿಯಲ್ಲಿ ೧೯೯೪ರಲ್ಲಿ ಕರಡಿಧಾಮವು ಸ್ಥಾಪಿತವಾಯಿತು. ಕುರುಚಲು ಕಾಡಿನ ಕಲ್ಲುಗುಡ್ಡಗಳಲ್ಲಿ ಗೆದ್ದಲು, ಜೇನು, ಹಣ್ಣುಗಳನ್ನು ಅರಸಿ ಕರಡಿಯು ಇರುಳಿನಲ್ಲಿ ಸಂಚರಿಸುವುದು. ಅದು ಬಂದುಹೋದುದನ್ನು ಕೆದಕಿದ ಹುತ್ತವೂ ಧೂಳಿನ ಹೆಜ್ಜೆಯೂ ಹೇಳುವುವು. ಆ ಹೆಜ್ಜೆಯನ್ನು ಓದಬಲ್ಲವನು ಆ ದಾರಿಯನ್ನು ಬಿಟ್ಟು ತನ್ನ ಜೀವವನ್ನೂ ಕರಡಿಯ ಜೀವವನ್ನೂ ಉಳಿಸುವನು. ಓದಲಾರದವನು ಭೂತವೆಂದು ಹೆದರುವನು, ಇಲ್ಲವೆ ಕೋಲೆತ್ತಿಕೊಂಡು ಓಡುವನು. ಕಲಿಯುವುದಕ್ಕೆ ವಯಸ್ಸು ಮೀರಿತೆಂಬ ಮಾತಿಲ್ಲ. ಬೇಕಾದುದು ಇಷ್ಟೆ: ಮಹಾಮಾನವನನ್ನು ಬಯಸಿ ಹೋದೆಡೆಯಲ್ಲಿ ಕರಡಿಯೇ ಸಿಕ್ಕಿದರೆ, ಅದನ್ನು ಕರಡಿಯೆಂದೇ ಹೇಳುವ ಧೈರ್ಯ.