ಹಾಬ್ಸನ್ಸ್ ಚಾಯ್ಸ್

ಹಾಬ್ಸನ್ಸ್ ಚಾಯ್ಸ್: ಆಯ್ಕೆಯೆಂಬ ಹೆಸರಿದ್ದರೂ ಆರಿಸಿಕೊಳ್ಳಲು ಒಂದೇ ವಸ್ತುವಿರುವ ಸ್ಥಿತಿಯನ್ನು ಸೂಚಿಸುವ ಇಂಗ್ಲಿಷ್ ನುಡಿಗಟ್ಟು. ‘ಹಾಬ್ಸನ್ನನ ಆಯ್ಕೆ’ ಎಂಬುದು ಇದರ ಪದಶಃ ಅರ್ಥ. ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಬೇಡವೆಂದರೆ ಬರಿಗೈಯಲ್ಲಿ ಹಿಂದಿರುಗಬೇಕು.

ಮೂಲ: ಥಾಮಸ್ ಹಾಬ್ಸನ್ (1544-1631) ಇಂಗ್ಲೆಂಡಿನ ಕೇಂಬ್ರಿಡ್ಜ್ ಊರಿನವ. 1568ರಲ್ಲಿ ತೀರಿಕೊಂಡ ತಂದೆಯಿಂದ ಬಂಡಿಯನ್ನೂ ಎಂಟು ಕುದುರೆಗಳನ್ನೂ ಪಡೆದು, ಕೇಂಬ್ರಿಡ್ಜ್ ಮತ್ತು ಲಂಡನ್ನಿನ ನಡುವೆ ಪತ್ರ, ಸರಕು, ಪ್ರಯಾಣಿಕರನ್ನು ಸಾಗಿಸುತ್ತಿದ್ದ. ಇದರ ಜೊತೆಗೆ, ಈಗ ಸೇಂಟ್ ಕ್ಯಾಥರೀನ್ಸ್ ಕಾಲೇಜು ಇರುವ ಎಡೆಯಲ್ಲಿ ಲಾಯವಿಟ್ಟು ಕುದುರೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಅಲ್ಲಿ ಸುಮಾರು ನಲವತ್ತು ಕುದುರೆಗಳಿದ್ದವೆಂದು ಹೇಳಲಾಗಿದೆ.

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಅವನ ಮುಖ್ಯ ಗಿರಾಕಿಗಳು. ಬಂದವರೆಲ್ಲ ಚುರುಕಾದ ಕುದುರೆಯನ್ನೇ ಕೇಳಿದರೆ ಒಳ್ಳೆಯ ಕುದುರೆಗಳು ದಣಿದು ಕೆಡುತ್ತವೆ, ಉಳಿದವು ಲಾಯದಲ್ಲೇ ನಿಲ್ಲುತ್ತವೆ. ಹಾಗಾಗಿ ಹಾಬ್ಸನ್ ಸರದಿಯ ಕಟ್ಟಳೆ ಮಾಡಿದ. ಬಾಗಿಲಿಗೆ ಹತ್ತಿರ ನಿಂತ ಕುದುರೆಯನ್ನೇ ಗಿರಾಕಿ ಒಯ್ಯಬೇಕು. ಸವಾರಿ ಮುಗಿಸಿ ಬಂದ ಕುದುರೆ ಸಾಲಿನ ಕೊನೆಗೆ ಹೋಗಿ ದಣಿವಾರಿಸಿಕೊಳ್ಳುತ್ತಿತ್ತು. ಗಿರಾಕಿಯ ಆಯ್ಕೆಯನ್ನು ಕಿತ್ತುಕೊಂಡ ಈ ನಿಯಮ ಮೂಕಪ್ರಾಣಿಗೆ ನ್ಯಾಯ ಒದಗಿಸಿತ್ತು. ನುಡಿಗಟ್ಟಿನಲ್ಲಿ ಉಳಿದದ್ದು ಮೊದಲ ಸಂಗತಿ ಮಾತ್ರ.

ಪ್ರಸಾರ: ಪ್ಲೇಗಿನ ಕಾರಣ ಲಂಡನ್ ಪ್ರಯಾಣ ನಿಂತಿದ್ದ ಕಾಲದಲ್ಲಿ ಹಾಬ್ಸನ್ ತೀರಿಕೊಂಡ. ಆಗ ಕೇಂಬ್ರಿಡ್ಜಿನಲ್ಲಿ ವಿದ್ಯಾರ್ಥಿಯಾಗಿದ್ದ ಕವಿ ಜಾನ್ ಮಿಲ್ಟನ್ ಅವನನ್ನು ಕುರಿತು ಎರಡು ವಿನೋದದ ಚರಮಕವನಗಳನ್ನು ಬರೆದ. ಈ ನುಡಿಗಟ್ಟು 1660ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಫಿಶರನ ಧಾರ್ಮಿಕ ಗ್ರಂಥದಲ್ಲಿ ಕಾಣಿಸುತ್ತದೆ. ರಿಚರ್ಡ್ ಸ್ಟೀಲ್ 1712ರಲ್ಲಿ ‘ದಿ ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಲಾಯದ ಕಥೆಯನ್ನು ವಿವರಿಸಿದ ಮೇಲೆ ಅದು ಮನೆಮಾತಾಯಿತು. ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1869ರ ‘ದಿ ಸಬ್ಜೆಕ್ಷನ್ ಆಫ್ ವಿಮೆನ್’ ಗ್ರಂಥದಲ್ಲಿ ಇದನ್ನು ಗಂಭೀರ ಪ್ರಶ್ನೆಯೊಂದಕ್ಕೆ ಬಳಸಿದ. ಬದುಕಿನ ಬೇರೆ ದಾರಿಗಳನ್ನೆಲ್ಲ ಮುಚ್ಚಿ ಮದುವೆಯೊಂದನ್ನೇ ಹೆಣ್ಣಿನ ಮುಂದಿಡುವುದು ಹಾಬ್ಸನ್ನನ ಆಯ್ಕೆಯೇ ಎಂಬುದು ಅವನ ವಾದ. ಹೆರಾಲ್ಡ್ ಬ್ರಿಗ್‌ಹೌಸ್ ಬರೆದ ಇದೇ ಹೆಸರಿನ ನಾಟಕವನ್ನು ಡೇವಿಡ್ ಲೀನ್ 1954ರಲ್ಲಿ ಚಲನಚಿತ್ರವಾಗಿಸಿದ.

ಅರ್ಥಭೇದ: ಇದನ್ನು ಉಭಯಸಂಕಟವೆಂದು ತಿಳಿಯುವುದು ತಪ್ಪು. ಕನ್ನಡದ ‘ಅತ್ತ ದರಿ, ಇತ್ತ ಪುಲಿ’ ಎಂಬ ಮಾತಿನಲ್ಲಿ ಎರಡು ಅಪಾಯಗಳಿವೆ, ಎತ್ತ ಹೋದರೂ ಕೇಡು. ಹಾಬ್ಸನ್ನನ ಆಯ್ಕೆಯಲ್ಲಿ ಎದುರಿಗಿರುವುದು ಒಂದೇ, ಅದು ಕೆಟ್ಟದ್ದೇ ಆಗಿರಬೇಕೆಂದಿಲ್ಲ. ತರ್ಕಶಾಸ್ತ್ರದ ‘ಮಿಥ್ಯಾ ದ್ವಂದ್ವ’ವೂ ಇದಕ್ಕಿಂತ ಭಿನ್ನ. ಹಲವು ದಾರಿಗಳಿದ್ದೂ ಎರಡೇ ಇವೆಯೆಂದು ವಾದಿಸುವುದು ಆ ದೋಷ. ಹಾಬ್ಸನ್ನನ ಲಾಯದಲ್ಲಿ ಹಲವು ಕುದುರೆಗಳು ಕಣ್ಣೆದುರಿಗೇ ಇದ್ದವು, ಆದರೆ ಸರದಿ ಬಂದದ್ದು ಒಂದಕ್ಕೆ ಮಾತ್ರ.

ಸ್ಮಾರಕ: ಊರ ಹೊರಗಿನ ನೈನ್ ವೆಲ್ಸ್ ಬುಗ್ಗೆಗಳಿಂದ ಕೇಂಬ್ರಿಡ್ಜಿಗೆ ಶುದ್ಧ ನೀರು ತರಲು 17ನೆಯ ಶತಮಾನದ ಆರಂಭದಲ್ಲಿ ತೋಡಿದ ಕಾಲುವೆಗೆ ಹಾಬ್ಸನ್ನನ ಹೆಸರಿದೆ. ಅದರ ನಿರ್ವಹಣೆಗೆಂದು ಅವನು ಮರಣಶಾಸನದಲ್ಲಿ ಆಸ್ತಿ ಬಿಟ್ಟುಹೋದ. ಆ ನೀರು ಟ್ರಂಪಿಂಗ್ಟನ್ ಬೀದಿಯ ಇಕ್ಕೆಲದ ಕಿರುಗಾಲುವೆಗಳಲ್ಲಿ ಇಂದಿಗೂ ಹರಿಯುತ್ತದೆ.