ಬಂಬಲ್‌ಬೀಗಳ ನೂರು ವರ್ಷ: ಕುಸಿತದ ಕಾರಣ ಒಂದೇ ಅಲ್ಲ

ಕನ್ನಡಿಗರು ದುಂಬಿ ಎನ್ನುವುದು ಹೆಚ್ಚಾಗಿ ಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿಯನ್ನು. ಬಂಬಲ್‌ಬೀ ಬೇರೆಯೇ ಕುಲ. ಮೈತುಂಬ ರೋಮ ಹೊತ್ತ ಈ ಜೀವಿ ತಂಪು ನಾಡಿನದು. ಭಾರತದಲ್ಲಿ ಅದರ ಮುಖ್ಯ ನೆಲೆ ಹಿಮಾಲಯ. ಅದರ ಏರಿಳಿತವನ್ನು ಶತಮಾನದುದ್ದಕ್ಕೂ ಅಳೆಯಲು ಸಾಧ್ಯವಾದ ಕೆಲವೇ ಪ್ರದೇಶಗಳಲ್ಲಿ ಉತ್ತರ ಅಮೆರಿಕದ ಇಲಿನಾಯ್ ರಾಜ್ಯ ಒಂದು. ಹಳೆಯ ಸಂಗ್ರಾಹಕರು ಹಿಡಿದ ಕೀಟವನ್ನು ಸೂಜಿಗೆ ಚುಚ್ಚಿ, ಊರು ಮತ್ತು ತಾರೀಖು ಬರೆದ ಚೀಟಿಯನ್ನೂ ಅದರ ಜೊತೆಗಿಟ್ಟಿದ್ದರು. ಆ ಚೀಟಿಗಳನ್ನು ಕಾಲಾನುಕ್ರಮದಲ್ಲಿ ಓದಿದರೆ ತಿಳಿಯುವುದಿಷ್ಟು: ಬಂಬಲ್‌ಬೀಗಳ ಕುಸಿತ ಒಂದೇ ಸಲ ಆದದ್ದಲ್ಲ, ಒಂದೇ ಕಾರಣಕ್ಕೆ ಆದದ್ದೂ ಅಲ್ಲ.

2009ರಲ್ಲಿ ಪ್ರಕಟವಾದ ಇಲಿನಾಯ್ ಅಧ್ಯಯನದ ಪ್ರಕಾರ ಪ್ರಭೇದಗಳ ಸಂಖ್ಯೆ ತೀವ್ರವಾಗಿ ಇಳಿದದ್ದು 1940ರಿಂದ 1960ರ ನಡುವೆ. ನಾಲ್ಕು ಪ್ರಭೇದಗಳು ರಾಜ್ಯದಿಂದಲೇ ಕಣ್ಮರೆಯಾದವು, ಇನ್ನೂ ನಾಲ್ಕರ ನೆಲೆ ಕುಗ್ಗಿತು. ಅದು ಕೃಷಿಯ ಚಹರೆ ಬದಲಾದ ಕಾಲ. ಚಳಿಗಾಲ ದಾಟಿ ಉಳಿಯುವುದು ಹೊಸ ರಾಣಿ ಮಾತ್ರ; ವಸಂತದಲ್ಲಿ ಅವಳು ಒಂಟಿಯಾಗಿಯೇ ಗೂಡು ಆರಂಭಿಸಬೇಕು. ಅಲ್ಲಿಂದ ಶರತ್ಕಾಲದವರೆಗೆ ಒಂದಲ್ಲ ಒಂದು ಹೂವು ಅರಳುತ್ತಲೇ ಇರಬೇಕು. ಹುಲ್ಲುಗಾವಲು, ಬೇಲಿಸಾಲುಗಳಿದ್ದ ಜಾಗವನ್ನು ಮೆಕ್ಕೆಜೋಳ–ಸೋಯಾದ ಏಕಬೆಳೆ ಆವರಿಸಿದಾಗ ಈ ಸರಪಳಿ ತುಂಡಾಗುವುದು ಸಹಜ.

ಆದರೆ ಎರಡನೆಯ ಕುಸಿತಕ್ಕೆ ಈ ವಿವರಣೆ ಸಾಲದು. ಬೆನ್ನಿನ ಮೇಲೆ ತುಕ್ಕುಬಣ್ಣದ ಮಚ್ಚೆಯಿರುವ ಬಾಂಬಸ್ ಅಫಿನಿಸ್ ಎಂಬ ಪ್ರಭೇದ ಕೆನಡಾದ ಗ್ವೆಲ್ಫ್ ಸುತ್ತ 1971–73ರಲ್ಲಿ ಸಾಮಾನ್ಯವಾಗಿತ್ತು. 2004–06ರ ಹುಡುಕಾಟದಲ್ಲಿ ಅಲ್ಲಿ ಒಂದೂ ಸಿಗಲಿಲ್ಲ. 2011ರಲ್ಲಿ ಕೀಟವಿಜ್ಞಾನಿ ಸಿಡ್ನಿ ಕ್ಯಾಮರಾನ್ ಅವರ ತಂಡ ಎಂಟು ಪ್ರಭೇದಗಳ ಸುಮಾರು 73,000 ಹಳೆಯ ದಾಖಲೆಗಳನ್ನು 16,000ಕ್ಕೂ ಹೆಚ್ಚು ಹೊಸ ಮಾದರಿಗಳೊಡನೆ ಹೋಲಿಸಿತು. ನಾಲ್ಕು ಪ್ರಭೇದಗಳ ಪಾಲು ಶೇ. 96ರವರೆಗೆ ಇಳಿದಿತ್ತು, ಅವುಗಳಲ್ಲಿ ನೊಸೀಮಾ ಬಾಂಬಿ ಎಂಬ ರೋಗಾಣು ಹೆಚ್ಚಾಗಿತ್ತು. 2016ರಲ್ಲಿ ಸಂಗ್ರಹಾಲಯದ ಕೀಟಗಳಲ್ಲೇ ಈ ರೋಗಾಣುವನ್ನು ಹುಡುಕಿದಾಗ, 1990ರ ದಶಕದಲ್ಲಿ ಸೋಂಕು ಏರಿದ್ದು ಖಚಿತವಾಯಿತು. ಅದು ಹೊರದೇಶದಿಂದ ಬಂದ ತಳಿ ಎನ್ನುವುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. 2015ರ ಇನ್ನೊಂದು ಅಧ್ಯಯನ 67 ಪ್ರಭೇದಗಳನ್ನು ಪರಿಶೀಲಿಸಿ, ತಾಪ ಏರಿದಂತೆ ಅವುಗಳ ನೆಲೆಯ ದಕ್ಷಿಣದ ಅಂಚು ಕೆಲವೆಡೆ 300 ಕಿಲೋಮೀಟರ್‌ವರೆಗೆ ಹಿಂದೆ ಸರಿದಿದೆ, ಉತ್ತರಕ್ಕೆ ಮಾತ್ರ ಅಷ್ಟು ವಿಸ್ತರಣೆಯಾಗಿಲ್ಲ ಎಂದಿತು.

ಹಳೆಯ ಸಂಗ್ರಹಗಳನ್ನು ನಂಬುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಂಗ್ರಾಹಕರು ಅಪರೂಪದ್ದನ್ನು ಅರಸುತ್ತಾರೆ, ಎಲ್ಲ ಊರಿಗೂ ಸಮಾನವಾಗಿ ಹೋಗುವುದಿಲ್ಲ. ಅದಕ್ಕಾಗಿಯೇ ಸಂಶೋಧಕರು ಒಟ್ಟು ಎಣಿಕೆಯನ್ನು ಬಿಟ್ಟು, ಸಿಕ್ಕ ಬಂಬಲ್‌ಬೀಗಳಲ್ಲಿ ಪ್ರತಿ ಪ್ರಭೇದದ ಪಾಲೆಷ್ಟು ಎಂದು ನೋಡುತ್ತಾರೆ. ಸಂಗ್ರಹದ ದೋಷವೇ ಕಾರಣವಾಗಿದ್ದರೆ ಬೇರೆ ಬೇರೆ ಪ್ರದೇಶಗಳಲ್ಲಿ ಮತ್ತೆ ಮತ್ತೆ ಅದೇ ಪ್ರಭೇದಗಳು ಕುಸಿಯಬೇಕಿರಲಿಲ್ಲ. ಬಾಂಬಸ್ ಇಂಪೇಷಿಯನ್ಸ್‌ನಂಥ ಪ್ರಭೇದಗಳು ಸಮೃದ್ಧವಾಗಿರುವಾಗ ಚಿಂತೆಯೇಕೆ ಎಂಬುದು ಇನ್ನೊಂದು ಪ್ರಶ್ನೆ. ನಾಲಗೆಯ ಉದ್ದ, ಎಚ್ಚರಗೊಳ್ಳುವ ಕಾಲ ಪ್ರತಿ ಪ್ರಭೇದಕ್ಕೂ ಬೇರೆ. ಆಳದ ಹೂವಿನ ಮಕರಂದ ಗಿಡ್ಡ ನಾಲಗೆಗೆ ಎಟುಕದು. ತೋಟ ಗುಂಯ್‌ಗುಡುತ್ತಿದ್ದರೂ ಕೆಲವು ಹೂಗಳಿಗೆ ತಕ್ಕ ಸಂಗಾತಿ ಇಲ್ಲವಾಗಬಹುದು. 2017ರಲ್ಲಿ ಬಾಂಬಸ್ ಅಫಿನಿಸ್‌ಗೆ ಅಮೆರಿಕದ ಅಳಿವಿನಂಚಿನ ಜೀವಿಗಳ ಕಾನೂನಿನ ರಕ್ಷಣೆ ದೊರೆತದ್ದು ಒಳ್ಳೆಯದೇ. ಆದರೆ ನೆಲ, ರೋಗ, ತಾಪ ಮೂರೂ ಸೇರಿ ತಂದ ನಷ್ಟವನ್ನು ಒಂದನ್ನಷ್ಟೇ ಸರಿಪಡಿಸಿ ತುಂಬಲಾಗದು. ಇಂದು ಸಾಮಾನ್ಯವೆನಿಸುವ ಪ್ರಭೇದಗಳನ್ನೂ ತಾರೀಖಿನ ಸಮೇತ ದಾಖಲಿಸಬೇಕು. ಅಫಿನಿಸ್ ಕೂಡ ಒಂದು ಕಾಲಕ್ಕೆ ಸಾಮಾನ್ಯವೇ ಆಗಿತ್ತು.