ತಲಕಾಡಿನ ಮರಳು ಮತ್ತು ಒಬ್ಬ ಹುಡುಗನ ಪ್ರಶ್ನೆ



ಉದ್ಯೋಗ ನಿಮಿತ್ತ ಚೀನಾ ದೇಶಕ್ಕೆ ಹೋಗಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಅಲ್ಲಿನ ಷಿಯಾನ್ ನಗರವನ್ನು ನೋಡಿಬಂದು ನನಗೊಂದು ದೀರ್ಘ ಪತ್ರ ಬರೆದರು. ಹಿಂದೆ ಚಾಂಗಾನ್ ಎಂಬ ಹೆಸರಿನಿಂದ ತಾಂಗ್ ವಂಶದ ರಾಜಧಾನಿಯಾಗಿದ್ದ ಊರು ಅದು. ಸುಮಾರು 14 ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆಯ ಮೇಲೆ ಸೈಕಲ್ ತುಳಿದದ್ದನ್ನೂ, 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ತಗುಲಿ ಬೆಳಕಿಗೆ ಬಂದ ಮಣ್ಣಿನ ಸೈನ್ಯವನ್ನು ಕಂಡದ್ದನ್ನೂ ಸೊಗಸಾಗಿ ವರ್ಣಿಸಿ, ಕೊನೆಯಲ್ಲಿ ಹೀಗೆ ಬರೆದಿದ್ದರು: "ನಮ್ಮ ಕಡೆ ನೋಡುವುದಕ್ಕೆ ಇಂಥದೊಂದು ಪ್ರಾಚೀನ ರಾಜಧಾನಿ ಇಲ್ಲವಲ್ಲ ಸಾರ್!"

ಓದಿ ನಗು ಬಂತು. ಒಡನೆಯೇ ನಾಚಿಕೆಯೂ ಆಯಿತು. ನಂಜನಗೂಡಿನಲ್ಲಿ ಅವರಿಗೆ ಇತಿಹಾಸ ಹೇಳಿಕೊಟ್ಟವನು ನಾನೇ ತಾನೆ! ನಮ್ಮೂರ ಶ್ರೀಕಂಠೇಶ್ವರನ ಪಾದ ತೊಳೆದು ಹರಿಯುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹಾಗೆ ಸೇರಿದ ನೀರು ಮುಂದೆ ಹರಿದು ಬಳಸಿಕೊಂಡು ಹೋಗುವ ಊರೇ ತಲಕಾಡು. ಅದು ಶತಮಾನಗಳ ಕಾಲ ಗಂಗರ ರಾಜಧಾನಿ. ಷಿಯಾನ್‌ನಲ್ಲಿ ಸೈನಿಕರು ಮಣ್ಣಿನಡಿಯಲ್ಲಿದ್ದರು, ನಮ್ಮಲ್ಲಿ ಊರೇ ಮರಳಿನಡಿಯಲ್ಲಿದೆ. ವ್ಯತ್ಯಾಸ ಅಷ್ಟೆ.

ಈ ಪತ್ರವೇ ನೆಪವಾಗಿ ಕಳೆದ ಜನವರಿಯಲ್ಲಿ ತಮ್ಮನ ಸಂಸಾರದೊಡನೆ ತಲಕಾಡಿಗೆ ಹೊರಟೆ. ನರಸೀಪುರದಲ್ಲಿ ಇಳಿದು, ಗುಂಜಾ ನರಸಿಂಹಸ್ವಾಮಿಯ ದರ್ಶನ ಮಾಡಿ, ಸಂಗಮದಲ್ಲಿ ಕೈಕಾಲು ತೊಳೆದೆವು. 1989ರಿಂದ ಮೂರು ವರ್ಷಗಳಿಗೊಮ್ಮೆ ಕುಂಭಮೇಳ ನಡೆಯುವುದು ಇಲ್ಲಿಯೇ. ಮುಂದೆ ಮುಡುಕುತೊರೆಯ ಬೆಟ್ಟದ ಮೇಲೆ ಮಲ್ಲಿಕಾರ್ಜುನ. ಪಂಚಲಿಂಗಗಳಲ್ಲಿ ಇವನೊಬ್ಬ, ಉಳಿದ ನಾಲ್ವರು ವೈದ್ಯನಾಥೇಶ್ವರ, ಪಾತಾಳೇಶ್ವರ, ಮರಳೇಶ್ವರ ಮತ್ತು ಅರ್ಕೇಶ್ವರ.

ತಲಕಾಡಿನಲ್ಲಿ ನೀಲಗಿರಿ ಮರಗಳ ನೆರಳಿನಲ್ಲಿ ಮರಳು ತುಳಿಯುತ್ತಾ ನಡೆಯಬೇಕು. ಎಪ್ಪತ್ತು ದಾಟಿದ ಮಂಡಿಗಳಿಗೆ ಅದು ಸುಲಭದ ಕೆಲಸವಲ್ಲ. ಪಾತಾಳೇಶ್ವರನ ಗುಡಿಗೆ ಮೆಟ್ಟಿಲುಗಳನ್ನು ಇಳಿದುಹೋಗಬೇಕು. ಸುತ್ತಲೂ ಮರಳಿನ ದಿಬ್ಬ, ನಡುವೆ ಕುಳಿಯಲ್ಲಿ ದೇಗುಲ. "ತಾತಾ, ದೇವರು ಬಾವಿಯೊಳಗೆ ಯಾಕಿದಾರೆ?" ಎಂದು ತಮ್ಮನ ಮೊಮ್ಮಗಳು ಕೇಳಿದಳು. ದೇವರು ಇಳಿಯಲಿಲ್ಲ ಮಗೂ, ನೆಲ ಮೇಲಕ್ಕೆ ಬಂತು ಎಂದೆ.

ಗಂಗರು ಮೊದಲು ಆಳಿದ್ದು ಕುವಳಾಲದಿಂದ, ಎಂದರೆ ಇಂದಿನ ಕೋಲಾರದಿಂದ. ಹರಿವರ್ಮನ ಕಾಲದಲ್ಲಿ ರಾಜಧಾನಿ ತಲಕಾಡಿಗೆ ಬಂತು. 'ಕವಿರಾಜಮಾರ್ಗ'ವು ಗದ್ಯಕಾರರ ಸಾಲಿನಲ್ಲಿ ಹೆಸರಿಸುವ ದುರ್ವಿನೀತ ಈ ವಂಶದ ಅರಸನೆಂಬುದು ವಿದ್ವಾಂಸರ ಮತ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಈ ವಂಶದ ಮಂತ್ರಿ. ಅರಸರ ವಾಸ ಒಮ್ಮೆ ಮಾನ್ಯಪುರಕ್ಕೆ ಬದಲಾದರೂ ಇಂದಿಗೂ ನಾವು ಅವರನ್ನು ತಲಕಾಡಿನ ಗಂಗರೆಂದೇ ಕರೆಯುತ್ತೇವೆ. 1004ರ ಸುಮಾರಿಗೆ ಚೋಳರು ಊರನ್ನು ಗೆದ್ದು ರಾಜರಾಜಪುರವೆಂದು ಹೆಸರಿಟ್ಟರು. ಶತಮಾನವೊಂದು ಕಳೆದ ಮೇಲೆ ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು 'ತಲಕಾಡುಗೊಂಡ' ಎಂಬ ಬಿರುದು ಧರಿಸಿ, 1117ರಲ್ಲಿ ಕೀರ್ತಿನಾರಾಯಣನ ಗುಡಿಯನ್ನು ಕಟ್ಟಿಸಿದ.

ಇನ್ನು ಅಲಮೇಲಮ್ಮನ ಕಥೆ ನಿಮಗೆಲ್ಲ ತಿಳಿದದ್ದೇ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಮಡದಿ ಆಕೆ. ಒಡವೆಗಳಿಗಾಗಿ ಭಟರು ಬೆನ್ನಟ್ಟಿದಾಗ, ತಲಕಾಡು ಮರಳಾಗಲೆಂದೂ, ಮಾಲಂಗಿ ಮಡುವಾಗಲೆಂದೂ, ಮೈಸೂರ ದೊರೆಗಳಿಗೆ ಮಕ್ಕಳಾಗದಿರಲೆಂದೂ ಶಪಿಸಿ ಕಾವೇರಿಗೆ ಹಾರಿದಳೆಂದು ಪ್ರತೀತಿ. ನಾನು ಈ ಕಥೆಯನ್ನು ತರಗತಿಯಲ್ಲಿ ಅಭಿನಯಪೂರ್ವಕವಾಗಿ ಹೇಳುತ್ತಿದ್ದುದು, ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಆದರೆ ಒಂದು ದಿನದ ಪಾಠವನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. 1978ರ ಸುಮಾರು. ತಲಕಾಡಿನ ಕಡೆಯಿಂದ ಬಂದು ನಮ್ಮೂರ ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದ ಒಬ್ಬ ಹುಡುಗ, ಕಥೆ ಮುಗಿಯುತ್ತಿದ್ದಂತೆ ಎದ್ದು ನಿಂತ. "ಸಾರ್, ಮರಳು ಬಂತು ಅಂತ ನಮ್ಮ ತಾತ ಎರಡು ಸಲ ಮನೆ ಬಿಟ್ಟು ಹಿಂದಕ್ಕೆ ಹೋಗಿ ಕಟ್ಟಿಕೊಂಡರಂತೆ. ಒಡವೆ ಕೇಳಿದ್ದು ರಾಜರು. ನಮ್ಮ ತಾತನ ಮನೆ ಯಾಕೆ ಮುಚ್ಚಿಹೋಯ್ತು?" ಎಂದ. ತರಗತಿ ಗೊಳ್ಳೆಂದು ನಕ್ಕಿತು. ಉತ್ತರ ತೋಚದೆ ನಾನು ಸಿಟ್ಟಾದೆ. ಅಧಿಕಪ್ರಸಂಗಿ ಎಂದು ಗದರಿ, ಗಂಟೆ ಬಾರಿಸುವವರೆಗೆ ನಿಲ್ಲಿಸಿದೆ. ಅವನು ಅನಂತರ ನನ್ನ ತರಗತಿಯಲ್ಲಿ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಅವನ ಪ್ರಶ್ನೆಗೆ ಉತ್ತರ ಹುಡುಕಿಕೊಂಡದ್ದು ನಿವೃತ್ತನಾದ ಮೇಲೆ. 14ನೆಯ ಶತಮಾನದಲ್ಲಿ, ಎಂದರೆ ಶಾಪದ ಕಾಲಕ್ಕಿಂತ ಇನ್ನೂರು ವರ್ಷಗಳಿಗೂ ಹಿಂದೆ, ತಲಕಾಡಿಗೆ ಸಮೀಪದ ಹೆಮ್ಮಿಗೆಯ ಬಳಿ ಮಾಧವಮಂತ್ರಿ ಕಾವೇರಿಗೆ ಅಣೆಕಟ್ಟೆ ಕಟ್ಟಿಸಿದ. ನಾಲೆಗೆ ನೀರು ತಿರುಗಿತು, ಗದ್ದೆಗಳು ಹಸುರಾದವು. ಆದರೆ ಕಟ್ಟೆಯ ಕೆಳಗೆ ನದಿಯ ಹರಿವು ತಗ್ಗಿ, ತಿರುವಿನಲ್ಲಿ ಶೇಖರವಾದ ಮರಳು ಬಿಸಿಲಿಗೆ ಬಯಲಾಯಿತು. ನೈರುತ್ಯ ಮಾರುತ ಅದನ್ನು ವರ್ಷವರ್ಷವೂ ಎತ್ತಿ ಊರಿನ ಮೇಲೆ ಸುರಿಯಿತು. ಸಂಶೋಧಕರು ಕೊಡುವ ವಿವರಣೆ ಇದು. ಮರಳಿನ ದಿಬ್ಬಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಯಷ್ಟು ಮುಂದೊತ್ತುತ್ತಿದ್ದವೆಂದೂ, ಜನ ಮನೆಗಳನ್ನು ತೊರೆದು ಹಿಂದೆ ಸರಿಯುತ್ತಿದ್ದರೆಂದೂ ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. ಆ ಹುಡುಗನ ತಾತನಂಥವರ ಕಥೆಯೇ ಅಲ್ಲಿದೆ! ಪುಸ್ತಕದಲ್ಲಿ ಅಚ್ಚಾಗಿದ್ದ ಇತಿಹಾಸ ಎದುರಿಗೇ ಎದ್ದು ನಿಂತು ಮಾತಾಡಿದಾಗ ನಾನು ಅದರ ಬಾಯಿ ಮುಚ್ಚಿಸಿದ್ದೆ.

ಹಾಗೆಂದು ಅಲಮೇಲಮ್ಮನ ಕಥೆಯನ್ನು ಸುಳ್ಳೆಂದು ಎಸೆಯಬೇಕಾಗಿಲ್ಲ. ದಿಕ್ಕಿಲ್ಲದ ಹೆಂಗಸೊಬ್ಬಳಿಗಾದ ಅನ್ಯಾಯವನ್ನು ಜನ ನಾಲ್ಕು ನೂರು ವರ್ಷ ಮರೆಯದೆ ಉಳಿಸಿಕೊಂಡ ಬಗೆ ಅದು. ಆದರೆ ಮರಳಿಗೆ ಕಾರಣ ಕೇಳಿದವನಿಗೆ ಶಾಪವನ್ನಷ್ಟೇ ಹೇಳಿ ಕೂರಿಸುವುದು ಪಾಠವಲ್ಲ.

ಸಂಜೆ ಕೀರ್ತಿನಾರಾಯಣನ ಗುಡಿಯ ಬಳಿ ಕುಳಿತು ಒಂದು ಹಿಡಿ ಮರಳನ್ನು ಕೈಗೆತ್ತಿಕೊಂಡೆ. ನಯವಾದ, ಹಗುರವಾದ ಮರಳು. ಬೆರಳ ಸಂದಿನಿಂದ ಜಾರಿಹೋಯಿತು. ಮೊಮ್ಮಗಳು ಮನೆ ಮುಟ್ಟುವವರೆಗೂ ಏನೇನೋ ಕೇಳುತ್ತಲೇ ಇದ್ದಳು. ತಿಳಿದದ್ದಕ್ಕೆ ಉತ್ತರ ಹೇಳಿದೆ. ತಿಳಿಯದ್ದಕ್ಕೆ ಗೊತ್ತಿಲ್ಲ ಎಂದೆ. ಆ ಮಾತು ಹೇಳುವುದನ್ನು ಕಲಿಯಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಆ ಹುಡುಗ ಈಗ ಅರವತ್ತರ ಆಸುಪಾಸಿನವನು. ಅವನು ಎಲ್ಲಿದ್ದಾನೋ ತಿಳಿಯದು. ನಿಮ್ಮಲ್ಲಿ ಅವನ ಜೊತೆ ಕುಳಿತವರಿದ್ದರೆ, ಅವನ ವಿಳಾಸ ಬಲ್ಲವರಿದ್ದರೆ, ದಯವಿಟ್ಟು ಇದನ್ನು ಅವನಿಗೆ ಓದಿ ಹೇಳಿ. ಅವನ ಪ್ರಶ್ನೆ ಸರಿಯಾಗಿತ್ತು, ತಪ್ಪಿದ್ದು ಮೇಷ್ಟ್ರು ಎಂದು ತಿಳಿಸಿ. ಅವನು ಬರುವುದಾದರೆ ಇನ್ನೊಮ್ಮೆ ತಲಕಾಡಿಗೆ ಹೋಗೋಣ. ಅವರ ತಾತನ ಮನೆ ಎಲ್ಲಿತ್ತು ಎಂಬುದನ್ನು ಅವನು ತೋರಿಸಲಿ, ನಾನು ಕೇಳಿಸಿಕೊಳ್ಳುತ್ತೇನೆ.